ಮೂತಿ ಇಲ್ಲದ ಗಾಡಿ

ಪುಣೆಯ ಮಾರ್ಕೆಟ್ ಯಾರ್ಡಿನ ಬೆನ್ನಿಗೆ ನಮ್ಮ ಬೆಲ್ಲದ ಗೋದಾಮು ಇದೆ. ನಮ್ಮದು ಅಂದರೆ ಮಧುಕರ್ ಸಾಹುಕಾರರದು. ಅವರ ಅಜ್ಜ ಧಾರವಾಡ ಕಡೆಯಿಂದ ಬಂದು ಹಾಕಿದ ಅಂಗಡಿ. ನಾನು ಮಾರ್ತಾಂಡ, ಅಲ್ಲಿನ ಗುಮಾಸ್ತ. ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತು ಎಷ್ಟೋ ಕಾಲವಾದರೂ ಇಡೀ ಓಣಿ ನನ್ನನ್ನು ಕರೆಯುವುದು ದಿವಾಣಜಿ ಎಂದೇ. ಇರಲಿ, ನನ್ನ ಪುರಾಣ ಕೇಳಲು ಯಾರೂ ಕಾದು ಕೂತಿಲ್ಲ. ನಾನು ಹೇಳಹೊರಟಿರುವುದು ನಮ್ಮ ಡ್ರೈವರ್ ಕಾಡಪ್ಪನ ವಿಷಯ.

ಕಾಡಪ್ಪ ಬೆಳಗಾವಿ ಜಿಲ್ಲೆಯವನು. ಹುಡುಗನಾಗಿದ್ದಾಗ ಪುಣೆಗೆ ಬಂದವನು ಲಾರಿ ಬಿಟ್ಟರೆ ಬೇರೆ ಕೆಲಸ ಕಲಿಯಲಿಲ್ಲ, ಕಲಿಯಬೇಕೆಂದು ಅವನಿಗೆ ಅನ್ನಿಸಿದ್ದನ್ನೂ ನಾನು ಕಾಣೆ. ಬಿಬ್ವೇವಾಡಿಯ ಗುಡ್ಡದ ಮೇಲೆ ಎರಡು ಕೋಣೆಯ ಮನೆ. ಐವತ್ತು ದಾಟಿದ ವಯಸ್ಸು, ಎಮ್ಮೆಯ ತಾಳ್ಮೆ, ಮಾತು ಕಡಿಮೆ. ಆ ಕೊರತೆಯನ್ನು ಅವನ ಹೆಂಡತಿ ಸಾವಂತ್ರವ್ವ ಬಡ್ಡಿ ಸಮೇತ ತುಂಬಿಕೊಡುತ್ತಾಳೆ. ಅವಳು ಜೋಳದ ರೊಟ್ಟಿ ಮಾಡಿ ನಮ್ಮ ಕಡೆಯ ಮನೆಗಳಿಗೆ ಕೊಡುತ್ತಾಳೆ. ಕುಳ್ಳಿ, ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಆದರೆ ಅವಳು ಗೋದಾಮಿನ ಗೇಟಿನಲ್ಲಿ ಕಾಲಿಟ್ಟಳೆಂದರೆ ಹಮಾಲರು ಬೀಡಿ ಬಿಸಾಡಿ ಎದ್ದು ನಿಲ್ಲುತ್ತಾರೆ. ಸಾಹುಕಾರರು ಬಂದಾಗ ಏಳದವರು!

ನಮ್ಮಲ್ಲಿ ಎರಡು ಲಾರಿಗಳಿದ್ದವು. ಒಂದಕ್ಕೆ ಮೂತಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಹಿಂದಿನ ಕಾಲದ ಲಾರಿಗಳಲ್ಲಿ ಎಂಜಿನ್ ಡ್ರೈವರನ ಮುಂದೆ, ಉದ್ದನೆಯ ಬಾನೆಟ್ಟಿನ ಒಳಗೆ ಇರುತ್ತಿತ್ತು. ಅದೇ ಮೂತಿ. ಈಗಿನ ಲಾರಿಗಳಲ್ಲಿ ಎಂಜಿನ್ನಿನ ಮೇಲೆಯೇ ಕ್ಯಾಬಿನ್ ಕೂಡಿಸಿಬಿಡುತ್ತಾರೆ, ಮುಖ ಗೋಡೆಯ ಹಾಗೆ ಸಪಾಟು. ಮೂತಿಯದನ್ನು ಕಾಡಪ್ಪ ಓಡಿಸುತ್ತಿದ್ದ. ಸಪಾಟು ಮುಖದ್ದನ್ನು ಓಡಿಸುವವನು ಅಮರ, ಹಡಪ್ಸರದವನು, ಮೂವತ್ತರ ಆಸುಪಾಸು, ಕಿವಿಗೆ ಸದಾ ಫೋನಿನ ತಂತಿ.

ಇಬ್ಬರೂ ಗೋದಾಮಿನಲ್ಲಿ ಒಟ್ಟಿಗೆ ಸೇರಿದರೆ ಚಹಾದ ಜೊತೆ ಇದೇ ವಾದ. ಯಾವ ಗಾಡಿ ಮೇಲು? ಅಮರ ಮರಾಠಿಯಲ್ಲಿ ಶುರು ಮಾಡುವನು, ಕಾಡಪ್ಪ ಕನ್ನಡದಲ್ಲಿ ಮುಗಿಸುವನು, ಅರ್ಥಮಾಡಿಕೊಳ್ಳಲು ಯಾರಿಗೂ ತೊಂದರೆ ಇರಲಿಲ್ಲ.

ಭೋರಿನ ಪೇಟೆಯ ಓಣಿಗಳನ್ನು ನೋಡಿದವರಿಗೆ ಅಮರನ ವಾದ ಸರಿ ಅನ್ನಿಸುತ್ತದೆ. ಅಲ್ಲಿ ಬೆಲ್ಲ ಇಳಿಸಲು ಹೋದರೆ ಅವನ ಗಾಡಿ ಒಂದೇ ಸಲಕ್ಕೆ ತಿರುಗುತ್ತದೆ. ಕಾಡಪ್ಪ ಮಾತ್ರ ಹಿಂದೆ ಮುಂದೆ, ಹಿಂದೆ ಮುಂದೆ ಮಾಡುತ್ತ, ಅಂಗಡಿಯವರ ಬೈಗುಳ ತಿನ್ನುತ್ತ ತಿರುಗಿಸಬೇಕು. ಮೂತಿ ನುಂಗುವ ಜಾಗ ಸಪಾಟು ಗಾಡಿಯಲ್ಲಿ ಮಾಲಿಗೆ ಸಿಗುತ್ತದೆ. ಎತ್ತರದಲ್ಲಿ ಕೂತವನಿಗೆ ರಸ್ತೆ ಕಾಲಬುಡದವರೆಗೂ ಕಾಣುತ್ತದೆ.

ಆದರೆ ಚೈತ್ರದಲ್ಲಿ ಬಾರಾಮತಿಯಿಂದ ಲೋಡು ತುಂಬಿಕೊಂಡು ಬಂದಾಗ ಅಮರ ಇಳಿಯುವುದನ್ನು ನೋಡಬೇಕು. ಎಂಜಿನ್ ಆಸನದ ಕೆಳಗೇ ಇರುವುದರಿಂದ ಬೆನ್ನೂ ತೊಡೆಯೂ ಹಂಚಿನ ಮೇಲಿಟ್ಟ ಹಾಗೆ ಆಗಿರುತ್ತವೆ. ಎಸಿ ಇಲ್ಲವೇ ಎಂದರೆ, ಇದೆ, ಸಾಹುಕಾರರು ಡೀಸೆಲ್ ಲೆಕ್ಕ ಕೇಳದ ದಿನ ಇದೆ. ಮುಂದಿನ ಗಾಲಿಯ ಮೇಲೆಯೇ ಕೂತಿರುವುದರಿಂದ ರಸ್ತೆಯ ಪ್ರತಿ ಗುಂಡಿಯೂ ನೇರ ಸೊಂಟಕ್ಕೆ ಬರುತ್ತದೆ. ಇನ್ನು ಎಂಜಿನ್ನಿಗೆ ಏನಾದರೂ ಆಯಿತೋ, ಇಡೀ ಕ್ಯಾಬಿನ್ನನ್ನೇ ಮುಂದಕ್ಕೆ ಬಗ್ಗಿಸಬೇಕು. ಹಾಗೆ ಬಗ್ಗಿಸುವ ಮೊದಲು ಒಳಗಿನ ಸಾಮಾನೆಲ್ಲ ಇಳಿಸಬೇಕು. ಒಂದು ಸಲ ಅಮರ ಅವಸರದಲ್ಲಿ ಮರೆತ. ಸಾವಂತ್ರವ್ವ ಕೊಟ್ಟಿದ್ದ ಶೇಂಗಾ ಚಟ್ನಿಯ ಡಬ್ಬಿ, ಹಾಸಿಗೆ, ದೇವರ ಫೋಟೋ, ಚಪ್ಪಲಿ ಎಲ್ಲವೂ ಒಂದಾಗಿ ಮುಂದಿನ ಗಾಜಿಗೆ ಬಂದು ಬಡಿದವು. ಚಟ್ನಿ ಮೆತ್ತಿಕೊಂಡ ದೇವರನ್ನು ಒರೆಸುತ್ತ ಅವನು ನಿಂತಿದ್ದಾಗ ಕಾಡಪ್ಪ ಪಕ್ಕದಲ್ಲೇ ತನ್ನ ಗಾಡಿಯ ಬಾನೆಟ್ ಎತ್ತಿ, ಬಂಪರಿನ ಮೇಲೆ ನಿಂತು, ನಿರುಂಬಳವಾಗಿ ಆಯಿಲ್ ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅಮರನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮೂತಿ ಗಾಡಿಯ ದೋಷವನ್ನು ಕಾಡಪ್ಪ ಬಲ್ಲವನಾಗಿದ್ದ. ಮೂತಿಯ ತುದಿಗೆ ಯಾರಾದರೂ ನಿಂತರೆ ಡ್ರೈವರನಿಗೆ ಕಾಣುವುದಿಲ್ಲ. ಅದಕ್ಕೇ ಅವನು ಪ್ರತಿ ಸಲ ಚಾಲೂ ಮಾಡುವ ಮೊದಲು ಇಳಿದು ಗಾಡಿಗೊಂದು ಸುತ್ತು ಬರುತ್ತಿದ್ದ. ನಾವೆಲ್ಲ ಅದನ್ನು ಪ್ರದಕ್ಷಿಣೆ ಎಂದು ನಗುತ್ತಿದ್ದೆವು. ಮಗರಪಟ್ಟಾ ಸಿಗ್ನಲ್ಲಿನಲ್ಲಿ ಆಫೀಸಿನ ಹುಡುಗ ಹುಡುಗಿಯರು ಸ್ಕೂಟರ್ ತಂದು ಮೂತಿಯ ಕೆಳಗೇ ತುರುಕಿಬಿಡುತ್ತಾರೆ. ಅಲ್ಲಿ ಇಳಿದು ಪ್ರದಕ್ಷಿಣೆ ಹಾಕಲಾದೀತೇ? ಒಳಗೆ ಹೋದವರೆಲ್ಲ ಹೊರಗೆ ಬಂದದ್ದು ಕಾಣುವ ತನಕ ಅವನು ಕದಲುತ್ತಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಸಾಯಲಿ, ತಾಯಿ ತಂದೆಯನ್ನು ಎತ್ತಿ ಬೈಯಲಿ, ಅವನು ಕಲ್ಲು.

ಇಷ್ಟು ಕಷ್ಟವಿದ್ದೂ ಅವನು ಮೂತಿ ಗಾಡಿಯನ್ನು ಬಿಡದಿದ್ದುದಕ್ಕೆ ಕಾರಣ ಒಂದು ಆಣೆ.

ಕಾಡಪ್ಪನ ತಮ್ಮ ಮಾಂತು ಕೂಡ ಡ್ರೈವರ್ ಆಗಿದ್ದವನೇ, ಬೇರೆ ಮಾಲೀಕರ ಸಪಾಟು ಗಾಡಿಗೆ. ಖಂಬಾಟಕಿ ಘಾಟು ಇಳಿಯುವಾಗ, ಕೆಟ್ಟು ನಿಂತಿದ್ದ ಒಂದು ಟ್ರೇಲರಿನ ಹಿಂಭಾಗಕ್ಕೆ ಅವನ ಗಾಡಿ ಹೋಗಿ ಹೊಡೆಯಿತು. ಅಂಥ ದೊಡ್ಡ ಪೆಟ್ಟೂ ಅಲ್ಲ, ಜೋರೂ ಇರಲಿಲ್ಲವಂತೆ. ಆದರೆ ಎದುರಿನ ಕಬ್ಬಿಣಕ್ಕೂ ಅವನ ಮೊಣಕಾಲಿಗೂ ನಡುವೆ ಇದ್ದದ್ದು ಒಂದು ತಗಡು ಮಾತ್ರ. ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು, ಎಡಗಾಲಿಗೆ ರಾಡು ಬಂತು. ಮಾಂತು ಈಗ ಸ್ವಾರಗೇಟ್ ಹತ್ತಿರ ಫೋನಿನ ಕವರು, ಚಾರ್ಜರು ಮಾರುತ್ತಾನೆ, ನಗುನಗುತ್ತಲೇ ಇರುತ್ತಾನೆ. ಆದರೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಅತ್ತಿಗೆಗೆ ಅಂದ ಒಂದು ಮಾತು ಸಾವಂತ್ರವ್ವನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

"ಗಾಡಿಗಿ ಮೂತಿ ಇದ್ದಿದ್ರ ನನ್ನ ಕಾಲ ಉಳೀತಿತ್ತು, ವೈನಿ."

ಅವಳು ಅಲ್ಲೇ, ಆ ಮಂಚದ ಪಕ್ಕದಲ್ಲೇ, ಗಂಡನಿಂದ ತನ್ನ ಮೇಲೆ ಆಣೆ ಮಾಡಿಸಿದಳು. ಮೂತಿ ಇಲ್ಲದ ಗಾಡಿಯನ್ನು ಅವನು ಯಾವತ್ತೂ ಓಡಿಸಬಾರದು. ಓಡಿಸಿದರೆ ಅವನಿಗೇನೂ ಆಗುವುದಿಲ್ಲ, ಯಾರ ಮೇಲೆ ಆಣೆ ಮಾಡಿದನೋ ಅವಳ ಜೀವಕ್ಕೆ ಬರುತ್ತದೆ. ನಮ್ಮ ಕಡೆಯ ಆಣೆಯ ನಿಯಮವೇ ಹೀಗೆ. ಬಿಡಿಸುವ ಹಕ್ಕೂ ಅವಳೊಬ್ಬಳಿಗೇ. ನಾನು ಓದಿದವನು, ಇದನ್ನೆಲ್ಲ ನಂಬುವುದಿಲ್ಲ ಎನ್ನುತ್ತೇನೆ. ಆದರೆ ನನ್ನ ಹೆಂಡತಿಯ ಮೇಲೆ ಆಣೆ ಮಾಡು ಎಂದರೆ ಮಾತು ತಿರುಗಿಸುತ್ತೇನೆ.

ಆಣೆಯ ಮಾತಿನಂತೆ ಕಾಡಪ್ಪ ನಡೆದುಕೊಂಡ. ಎಷ್ಟೋ ಮಂದಿ ಅವನನ್ನು ಹೊಸ ಗಾಡಿಗೆ ಕರೆದರು. ಎಲ್ಲರಿಗೂ ಒಂದೇ ಉತ್ತರ: "ಒಲ್ಲೆರಿ." ಕಾರಣ ಹೇಳುತ್ತಿರಲಿಲ್ಲ. ಹಟಮಾರಿ, ಹಳೇ ಕಾಲದವ, ಎಸಿ ಸಹಿಸದ ಹಳ್ಳಿಗ ಎಂದು ಹೆಸರು ಬಂತು. ಬರಲಿ ಎಂದು ಸುಮ್ಮನಿದ್ದ.

ಆದರೆ ಗಾಡಿಗೂ ಆಯುಷ್ಯವಿದೆಯಲ್ಲ. ಕಳೆದ ಮಳೆಗಾಲದಲ್ಲಿ ಮೂತಿ ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಇನ್ನು ಸಿಗುವುದಿಲ್ಲ ಎಂದು ಖಚಿತವಾಯಿತು. ಗುಜರಿಗೆ ಹಾಕಬೇಕು. ಸಾಹುಕಾರರು ಹೊಸ ಲಾರಿ ಬುಕ್ ಮಾಡಿದರು. ಈಗ ನಮ್ಮ ಧಂದೆಗೆ ಸಿಗುವ ಗಾಡಿಗಳೆಲ್ಲ ಸಪಾಟೇ, ಮೂತಿ ಬೇಕೆಂದರೆ ತರುವುದು ಎಲ್ಲಿಂದ?

ಸಾಹುಕಾರರು ಕಾಡಪ್ಪನನ್ನು ಕರೆದು ಹೇಳಿದರು. "ನೋಡು ಕಾಡಪ್ಪ, ಹೊಸಾ ಗಾಡಿ ನಿನಗ ಅಂತನ ತರಸಾಕತ್ತೀನಿ. ನೀ ಒಲ್ಲೆ ಅಂದ್ರ ಬ್ಯಾರೆಯವರನ್ನ ನೋಡಬೇಕಾಗ್ತದ. ನಿನಗ ಗೇಟಿನ ಮ್ಯಾಲೆ ಕೂಡೂ ಕೆಲಸ ಕೊಡ್ತೀನಿ, ಕೈ ಬಿಡೂದಿಲ್ಲ. ಆದ್ರ ನೀ ಗೇಟಿನ ಮ್ಯಾಲೆ ಕೂಡೂ ಮನಶ್ಯಾ ಅಲ್ಲ."

ಕಾಡಪ್ಪ ನನ್ನ ಮೇಜಿನ ಹತ್ತಿರ ಬಂದು ನಿಂತ. "ದಿವಾಣಜಿ, ನೀವು ಒಂದ ಮಾತ ಹೇಳಿ ನೋಡ್ರಿ ಆಕಿಗೆ," ಎಂದ. ಇಷ್ಟು ವರ್ಷದಲ್ಲಿ ಅವನು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಾನು ಹೋಗಿ ಹೇಳಿದೆ. ಸಾವಂತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಗೇಟ ಕಾಯ್ಲಿ," ಎಂದಳು. "ಗೇಟ ಕಾಯೋರಿಗೆ ಎರಡೂ ಕಾಲ ಇರತಾವ."

"ಅವನ ಜೀವ ರಸ್ತೆ ಮ್ಯಾಲೆ ಅದ, ಸಾವಂತ್ರವ್ವಾ. ಗೇಟಿನ ಹತ್ರ ಕೂಡಿಸಿದ್ರ ಒಣಗಿ ಹೋಗ್ತಾನ."

"ಒಣಗಿದವರು ಮನಿಗಿ ಬರತಾರ, ದಿವಾಣಜಿಯವರ. ನಮ್ಮ ಮಾಂತುನ್ನ ನಾಕ ಮಂದಿ ಹೊತಗೊಂಡ ಬಂದ್ರು. ನಾ ನೋಡೇನಿ. ಚಹಾ ಕುಡೀತೀರೇನು?"

ಚಹಾ ಕುಡಿದು ಎದ್ದು ಬಂದೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಕಾಡಪ್ಪನ ಮುಖ ನೋಡಿದರೆ ಮಾತ್ರ ಅದನ್ನು ಒಪ್ಪಲಾಗುತ್ತಿರಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಂತೆ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕಾಡಪ್ಪ ಆ ಮೇಲೆ ಯಾರನ್ನೂ ಏನೂ ಕೇಳಲಿಲ್ಲ. ಹಳೆಯ ಗಾಡಿಯನ್ನು ದಿನಾಲೂ ತೊಳೆಯತೊಡಗಿದ. ಗುಜರಿಗೆ ಹೋಗುವ ಗಾಡಿಯನ್ನು ತೊಳೆಯುವುದೇಕೆ ಎಂದು ಅಮರ ಕೇಳಲು ಹೊರಟಿದ್ದ, ನಾನು ಕಣ್ಣು ಕೆಂಪಗೆ ಮಾಡಿದೆ.

ಹೊಸ ಗಾಡಿ ದಸರೆಗೆ ಬಂತು. ಬಿಳಿ ಬಣ್ಣ, ಬೋಳು ಮುಖ, ಮನೆಯ ಮಾಳಿಗೆಯಷ್ಟು ಎತ್ತರ. ಪೂಜೆಗೆ ಎರಡೂ ಗಾಡಿಗಳನ್ನು ಅಂಗಳದಲ್ಲಿ ಪಕ್ಕಪಕ್ಕದಲ್ಲಿ ನಿಲ್ಲಿಸಿ ಚೆಂಡುಹೂವಿನ ಮಾಲೆ ಹಾಕಿದರು. ಒಂದಕ್ಕೆ ಮೊದಲ ಪೂಜೆ, ಒಂದಕ್ಕೆ ಕೊನೆಯದು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಯಾವ ವಾಹನ ಬಂದರೂ, ಗಾಲಿಗಳ ಮುಂದೆ ಇಟ್ಟ ಲಿಂಬೆಹಣ್ಣಿನ ಮೇಲೆ ಅದನ್ನು ಮೊದಲು ಹಾಯಿಸುವವನು ಕಾಡಪ್ಪ. ಅವನ ಕೈಗುಣ ಒಳ್ಳೆಯದು ಎಂದು ಸಾಹುಕಾರರ ನಂಬಿಕೆ. ಅವರ ಮಗಳ ಸ್ಕೂಟರಿಗೂ ಅವನೇ ಬೇಕಾಯಿತು. ಇಷ್ಟು ದೊಡ್ಡ ದೇಹ ಆ ಪುಟ್ಟ ಗುಲಾಬಿ ಸ್ಕೂಟರಿನ ಮೇಲೆ ಕೂತು ಲಿಂಬೆಹಣ್ಣು ಒಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ನಗು ಬರುತ್ತದೆ. ಹೊಸ ಲಾರಿಗೆ ಏನು ಮಾಡುವುದು? ಸಾಹುಕಾರರು ತಾವೇ ಸಾವಂತ್ರವ್ವನಿಗೆ ಫೋನು ಮಾಡಿ ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿದಳಂತೆ.

"ಎರಡ ಮಾರ ಅಷ್ಟರಿ, ಸಾವ್ಕಾರ್ರ. ಎರಡ ಮಾರ ಹೋದ್ರ ಓಡಿಸಿದಂಗ ಅಲ್ಲ. ಆಮ್ಯಾಲೆ ಇಳದ ಬಿಡಬೇಕು."

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ನಾವೆಲ್ಲ ಸಮಾಧಾನಪಟ್ಟೆವು.

ಪೂಜೆಯ ದಿನ ಸಾವಂತ್ರವ್ವ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಆರತಿ ಎತ್ತಿದಳು, ಗಾಲಿಗೊಂದರಂತೆ ಲಿಂಬೆಹಣ್ಣು ಇಟ್ಟಳು. ಕಾಡಪ್ಪ ರೂಢಿಯಂತೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಚಪ್ಪಲಿ ಕಳಚಿ, ಮೆಟ್ಟಿಲು ಹಿಡಿದು ಮೇಲೆ ಹತ್ತಿದ. ಹತ್ತಿದವನೇ ಮುಂದಿನ ಗಾಜಿನ ಮೇಲ್ಗಡೆ ಎಡಮೂಲೆಯಿಂದ ಹೊರಚಾಚಿರುವ ಗುಂಡು ಕನ್ನಡಿಯ ಮೇಲೆ ಅಮರ ಸುತ್ತಿದ್ದ ಹೂಮಾಲೆಯನ್ನು ಅವನಿಂದಲೇ ಬಿಚ್ಚಿಸಿದ. ಆ ಕನ್ನಡಿ ನೋಡುವುದು ಕೆಳಗೆ, ಬಂಪರಿನ ಬುಡಕ್ಕೆ. ಫೋಟೋ ಕೆಡುತ್ತದೆ ಎಂದು ಅಮರ ಗೊಣಗಿದ.

ಭಟ್ಟರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡುತ್ತಿದ್ದರು. ಹಮಾಲರು, ಪಕ್ಕದ ಅಂಗಡಿಯವರು ಎಲ್ಲ ಸೇರಿ ಗದ್ದಲ. ನಾನು ಸಾಹುಕಾರರ ಪಕ್ಕದಲ್ಲಿ, ಗಾಡಿಯ ಬಲಬದಿಯಲ್ಲಿ ನಿಂತು, ಫೋನಿನಲ್ಲಿ ಬಲಗಾಲಿಯ ಲಿಂಬೆಹಣ್ಣನ್ನೇ ವಿಡಿಯೋ ಮಾಡುತ್ತಿದ್ದೆ. ಸಾಹುಕಾರರು ಕೈ ಎತ್ತಿ, "ಹೂಂ, ಬಿಡು ಕಾಡಪ್ಪಾ!" ಎಂದರು. ಎಂಜಿನ್ ಗುಡುಗಿತು. ಗಾಡಿ ಒಂದು ಗೇಣು ಮುಂದೆ ಜಿಗಿಯಿತು. ಅಲ್ಲೇ ಒದರಿಕೊಂಡು ಸತ್ತುಹೋಯಿತು.

ಒಮ್ಮೆಲೇ ಸದ್ದು ನಿಂತಿತು. ಮೊದಲ ಸಲ ಬಿಡುವಾಗ ಗಾಡಿ ಬಂದ್ ಬಿದ್ದರೆ ಅಪಶಕುನ ಎಂದು ಎಲ್ಲರಿಗೂ ಗೊತ್ತು. ಸಾಹುಕಾರರ ಮುಖ ಕಪ್ಪಾಯಿತು. ಅಷ್ಟರಲ್ಲಿ ಬಂಪರಿನ ಕೆಳಗಿನಿಂದ ಸಾವಂತ್ರವ್ವ ಎದ್ದು ಬಂದಳು. ಕೈಯಲ್ಲಿ ಲಿಂಬೆಹಣ್ಣು.

"ಯಾಕ್ರಿ ಬಂದ್ ಮಾಡಿದ್ರಿ?" ಎಂದು ಮೇಲೆ ನೋಡಿ ಕೂಗಿದಳು. "ಎಡಗಡೀದು ಉಳ್ಳಿ ನಡುವ ಹೋಗಿತ್ತು. ಒಂದ ಹಣ್ಣ ಒಡೀದಿದ್ರ ನಡೀತೈತೇನು? ಇಡತೀನಿ, ಬಿಡ್ರಿ."

ಅಂಗಳ ಗೇಟಿನ ಕಡೆಗೆ ತುಸು ಇಳಿಜಾರು. ಕಾಡಪ್ಪ ಸುತ್ತು ಹಾಕಿ ಹತ್ತಿದ ಮೇಲೆ ಹಣ್ಣು ಉರುಳಿದೆ, ಇವಳು ಎಡಬದಿಯಿಂದ ಬಗ್ಗಿ, ಬಂಪರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ನಾವಿಷ್ಟು ಜನ ಇದ್ದೂ ಒಬ್ಬರೂ ನೋಡಲಿಲ್ಲ. ಎಲ್ಲರ ಕಣ್ಣೂ ತಮ್ಮ ತಮ್ಮ ಫೋನಿನಲ್ಲಿ.

ಕಾಡಪ್ಪ ಇಳಿದು ಬಂದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಗಾಡಿಯ ಮೆಟ್ಟಿಲ ಮೇಲೆ ಕೂತ.

"ಎಲ್ಲಿ ಕುಂತಿದ್ದಿ ನೀ?" ಎಂದ.

"ಇಲ್ಲೇ, ಹಣ್ಣ ಹುಡುಕಾಕತ್ತಿದ್ದೆ."

"ಕನ್ನಡ್ಯಾಗ ನಿನ್ನ ಹಸರ ಸೀರಿ ಕಂಡಿತು. ಕ್ಲಚ್ ಬಿಟ್ಟಿದ್ದೆ. ಬರೇ ಬ್ರೇಕ್ ಒತ್ತೀನಿ, ಅದಕ ಬಂದ್ ಬಿತ್ತು."

ಸಾವಂತ್ರವ್ವ ಬಂಪರನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಅವಳ ಕಣ್ಣು ಸಣ್ಣಗಾಯಿತು. "ಸುಳ್ಳ ಹೇಳಬ್ಯಾಡ್ರಿ. ಗ್ವಾಡಿಯಷ್ಟ ಎತ್ತರ ಗಾಡಿ ಮ್ಯಾಲೆ ಕುಂತವ್ರಿಗೆ ಕೆಳಗ ಕುಂತ ನಾ ಹೆಂಗ ಕಾಣತೀನಿ? ನಿಮಗ ಈ ಗಾಡಿ ಮ್ಯಾಲೆ ಮನಸ ಆಗೈತಿ. ಅದಕ ಕಥಿ ಕಟ್ಟಾಕತ್ತೀರಿ."

"ಹತ್ತಿ ನೋಡು."

ಅವಳು ಬಿಡುವವಳೇ? ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಅಮರನ ಹೆಗಲು ಹಿಡಿದು ಮೆಟ್ಟಿಲು ಹತ್ತಿ, ಡ್ರೈವರನ ಜಾಗದಲ್ಲಿ ಕೂತಳು. "ದಿವಾಣಜಿಯವರ, ನಾ ಕುಂತಲ್ಲಿ ನೀವು ಕುಂದರ್ರಿ," ಎಂದು ಅಪ್ಪಣೆ ಮಾಡಿದಳು. ಇಷ್ಟು ಹಮಾಲರಿರುವಾಗ ನಾನೇ ಯಾಕೆ? ಕೇಳಲು ಧೈರ್ಯವಾಗಲಿಲ್ಲ. ಕೂತೆ. ನನ್ನ ಮೊಣಕಾಲುಗಳು ಅವಳನ್ನು ಬಾಯಿಗೆ ಬಂದಂತೆ ಬೈದವು.

ಮೇಲಿನಿಂದ ಧ್ವನಿ ಬಂತು. "ಕಾಣಸ್ತದ... ಕನ್ನಡ್ಯಾಗ ಇಡೀ ದಿವಾಣಜಿ ಕಾಣತಾರ. ನಡನೆತ್ತಿ ಬೋಳ ಆಗೈತಿ."

ಹಮಾಲರು ನಕ್ಕರು. ಅವಳು ನಗಲಿಲ್ಲ. ಕೆಳಗಿಳಿದು ಗಂಡನ ಎದುರು ನಿಂತಾಗ ಅವಳ ತುಟಿ ಬಿಳಚಿಕೊಂಡಿತ್ತು.

"ಖರೇ ಐತಿ," ಎಂದಳು. "ನಾ ಸಾಯತಿದ್ದೆ." ಆಮೇಲೆ ಗಂಡನ ಕಡೆ ಬೆರಳು ತೋರಿಸಿ ಹೇಳಿದಳು, "ನೋಡಿದ್ರೇನು, ಆಣಿ ಎಂಥಾದ್ದು ಅಂತ? ನೀವು ಆ ಜಾಗಾದಾಗ ಕುಂತಿದ್ದ ತಡ, ನನ್ನ ಕರಕೊಂಡ ಹೊಂಟಿತ್ತು. ನನ್ನದ ತಪ್ಪು. ಎರಡ ಮಾರಿಗಿ ಹೂಂ ಅನ್ನಬಾರದಾಗಿತ್ತು. ನಡೀರಿ ಮನಿಗಿ. ಈ ಗಾಡಿ ನೆರಳಿಗೂ ನಿಂದರಬ್ಯಾಡ್ರಿ."

ಮುಗಿಯಿತು ಎಂದುಕೊಂಡೆ ನಾನು. ಅವಳ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ಕೂಡಿಬಂದಿತ್ತು: ಆಣೆ ಮುರಿದ, ಆಣೆ ಅವಳ ಮೇಲೆ ಬಂತು. ಇದಕ್ಕೆ ಯಾರು ಏನು ಉತ್ತರ ಕೊಡುತ್ತಾರೆ? ಭಟ್ಟರು ಕೂಡ ಹೌದೆನ್ನುವಂತೆ ತಲೆಯಾಡಿಸುತ್ತಿದ್ದರು, ಆ ಮನುಷ್ಯನನ್ನು ನಾನು ಮೊದಲಿನಿಂದಲೂ ಮೆಚ್ಚಿದವನಲ್ಲ.

ಕಾಡಪ್ಪ ಎದ್ದ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೂಗಾಡಲಿಲ್ಲ. ಹೆಂಡತಿಯ ರಟ್ಟೆ ಹಿಡಿದು, ಅಷ್ಟು ಜನರ ನಡುವೆ, ಹಳೆಯ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಬಾಗಿಲು ತೆರೆದ.

"ಇದನ್ನೂ ಹತ್ತು."

"ಇದನ್ಯಾಕ..."

"ಹತ್ತಂದೆ."

ಹತ್ತಿದಳು. ಕಾಡಪ್ಪ ನನ್ನ ಕಡೆ ನೋಡಿದ. ಹೇಳುವ ಅಗತ್ಯವೇನಿತ್ತು, ನಾನಾಗಿಯೇ ಹೋಗಿ ಮೂತಿಯ ಮುಂದೆ, ಬಂಪರಿನ ಬುಡದಲ್ಲಿ ಕೂತೆ. ನನ್ನ ಮೂಗಿನ ಮುಂದೆ ರೇಡಿಯೇಟರಿನ ಜಾಲರಿ. ಅದರಲ್ಲಿ ಸಿಕ್ಕಿಕೊಂಡು ಒಣಗಿದ ಚಿಟ್ಟೆಗಳು.

"ಕುಂತ್ರೇನು, ದಿವಾಣಜಿಯವರ?"

"ಕೂತೀನವಾ."

"ಎಲ್ಲಿ?"

"ಇಲ್ಲೇ, ಮುಂದ. ಕೈ ಎತ್ತೀನಿ ನೋಡು."

ಕೈ ಎತ್ತಿದೆ, ಆಡಿಸಿದೆ. ಮೇಲೆ ಆಸನ ಕಿರುಗುಟ್ಟಿತು, ಎದ್ದು ನಿಂತು ಇಣುಕುತ್ತಿದ್ದಳೇನೋ.

"ಎಲ್ಲಿ ಅದೀರಿ?" ಎಂದಳು. ಈ ಸಲ ಧ್ವನಿ ಬೇರೆಯಾಗಿತ್ತು. "ದಿವಾಣಜಿಯವರ? ನೀವು ನನಗ ಕಾಣವಲ್ಲಿರಿ."

ಕಾಡಪ್ಪ ಬಾಗಿಲಲ್ಲಿ ನಿಂತು ಹೇಳಿದ. ಮುಂದೆ ಕೂತಿದ್ದ ನನಗೂ ಪ್ರತಿಯೊಂದು ಮಾತೂ ಕೇಳಿಸಿತು.

"ನಾ ಇವತ್ತ ಈ ಗಾಡ್ಯಾಗ ಇದ್ದಿದ್ರ, ಲಿಂಬಿಹಣ್ಣ ಒಡದೇನಿ ಅಂತ ತಿಳಕೊಂಡು ಕೆಳಗ ಇಳೀತಿದ್ದೆ."

ನಾನು ಅಲ್ಲಿಂದ ತಟ್ಟನೆ ಎದ್ದುಬಿಟ್ಟೆ. ಎಂಜಿನ್ ಬಂದ್ ಆಗಿತ್ತು, ಕೀಲಿಕೈ ಕಾಡಪ್ಪನ ಜೇಬಿನಲ್ಲಿತ್ತು, ನಿಜ. ಆದರೂ ಅಲ್ಲಿ ಕೂತಿರಲು ನನ್ನಿಂದ ಆಗಲಿಲ್ಲ.

ಸಾವಂತ್ರವ್ವ ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಮುಂದಿನ ಉದ್ದನೆಯ ಬಾನೆಟ್ಟನ್ನು ನೋಡುತ್ತ ಕೂತಿದ್ದಳು. ಅದರ ಆಚೆ ನಾನು ಎದೆಯ ತನಕ ಕಾಣಿಸಿಕೊಂಡಿದ್ದೆನೇನೋ, ನನ್ನನ್ನೂ ನೋಡುತ್ತಿದ್ದಳು.

"ಇಷ್ಟ ವರ್ಷ ನಿಮ್ಮನ್ನ ಇದರಾಗ ಕಳಿಸಿ ನಾ ನೆಮ್ಮದಿಲೆ ನಿದ್ದಿ ಮಾಡೇನಿ," ಎಂದಳು. "ರಸ್ತಾದಾಗ ಯಾರ ಮಕ್ಕಳು ಇದ್ದವೋ ಏನೋ. ನಾ ಒಂದ ದಿನಾನೂ ವಿಚಾರ ಮಾಡಲಿಲ್ಲ. ಬರೇ ನಿಮ್ಮ ಕಾಲಿನ ಚಿಂತಿ ನನಗ."

"ಯಾರಿಗೂ ಏನೂ ಆಗಿಲ್ಲ. ನಾ ನೋಡೇ ಹೊಡದೇನಿ."

"ಇವತ್ತೂ ನೀವು ನೋಡೇ ಹತ್ತಿದ್ರಿ. ನಾ ಆಮ್ಯಾಲೆ ಬಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಆ ಗಾಡಿ ಎಲ್ಲ್ಯರೆ ಹೋಗಿ ಹೊಡೀತು ಅಂದ್ರ, ನಿಮ್ಮ ಕಾಲಿಗೆ?"

ಸುತ್ತಲಿದ್ದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದೆವು. ಏನೂ ಆಗುವುದಿಲ್ಲ, ಈಗಿನ ಗಾಡಿ ಗಟ್ಟಿ ಇರುತ್ತವೆ ಎಂದು ಹೇಳಿಬಿಡಪ್ಪಾ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದೆ. ಸಾಹುಕಾರರು ಬಾಯಿ ತೆರೆದೂ ಬಿಟ್ಟಿದ್ದರು.

"ಕಾಲಿನ ಮುಂದ ತಗಡ ಬಿಟ್ರ ಏನೂ ಇಲ್ಲ," ಎಂದ ಕಾಡಪ್ಪ. "ಮಾಂತುಂದು ಆದಂಗ ಆಗೂದ. ನಿನಗ ಸುಳ್ಳ ಹೇಳೂದಿಲ್ಲ."

ಸಾವಂತ್ರವ್ವ ಕೆಳಗಿಳಿದಳು. ಬಹಳ ಹೊತ್ತು ಎರಡೂ ಗಾಡಿಗಳ ನಡುವೆ ನಿಂತಿದ್ದಳು. ಒಂದು ಗಾಡಿ ಅವಳ ಗಂಡನನ್ನು ಕಾಯುತ್ತದೆ, ಇನ್ನೊಂದು ಎದುರಿಗೆ ಬಂದವರನ್ನು. ಎರಡನ್ನೂ ಕಾಯುವ ಗಾಡಿ ಆ ಅಂಗಳದಲ್ಲಿ ಇರಲಿಲ್ಲ. ನಾನು ಅವಳ ಜಾಗದಲ್ಲಿದ್ದರೆ ಗಂಡನನ್ನು ಕರೆದುಕೊಂಡು ಮನೆಗೆ ಹೋಗಿಬಿಡುತ್ತಿದ್ದೆ, ಯಾವ ಗಾಡಿಯೂ ಬೇಡವೆಂದು. ಅವಳು ಅವನ ಮುಖ ನೋಡಿದಳು. ಗೇಟಿನ ಪಕ್ಕದ ಕುರ್ಚಿಯ ಮೇಲೆ ಅವನು ಹೇಗೆ ಕೂತಿರುತ್ತಾನೆಂದು ಅವಳಿಗೆ ಕಂಡಿರಬೇಕು.

"ಆಣಿ ಬಿಟ್ಟೆ," ಎಂದಳು. "ಹೋಗ್ರಿ."

"ಮನಸಪೂರ್ತಿ ಹೇಳತೀಯೇನು?"

"ಮನಸ ಇನ್ನೂ ಒಲ್ಲೆ ಅಂತೈತಿ. ಕಣ್ಣಿಲೆ ನೋಡೇನಿ, ಅದಕ ಹೇಳಾಕತ್ತೀನಿ. ಹೋಗ್ರಿ, ನನ್ನ ಮನಸ ಬದಲಾಗೂದ್ರಾಗ ಹೋಗ್ರಿ."

ಭಟ್ಟರು ಮುಹೂರ್ತದ ಮಾತೆತ್ತಿದರು. ಸಾಹುಕಾರರು ಅವರನ್ನು ಸುಮ್ಮನಿರಿಸಿದರು. ಕಾಡಪ್ಪ ಹೊಸ ಗಾಡಿಯ ಸುತ್ತ ಬಂದು, ಮತ್ತೆ ಹತ್ತಿ ಕೂತ. ಸಾವಂತ್ರವ್ವ ಉರುಳಿದ್ದ ಹಣ್ಣನ್ನು ಎಡಗಾಲಿಯ ಮುಂದೆ ಇಟ್ಟು, ಉರುಳದ ಹಾಗೆ ಒಂದು ಕಲ್ಲಿನ ಚೂರು ಆನಿಸಿದಳು. ಆಮೇಲೆ ನನ್ನ ಅಂಗಿಯ ತೋಳು ಹಿಡಿದು ಎಳೆದುಕೊಂಡು, ಅಂಗಳದ ಆ ತುದಿಗೆ, ಗೋಡೆಯ ಹತ್ತಿರ ಹೋದಳು. ಹಮಾಲರನ್ನೂ ಗದರಿಸಿ ಕರೆದಳು.

"ಇಲ್ಲಿ ನಿಂದರ್ರಿ ಎಲ್ಲಾರೂ. ಇಲ್ಲಿದ್ರ ಅವರಿಗೆ ಕಾಣತೀವಿ."

ಗಾಡಿ ಚಾಲೂ ಆಯಿತು. ಲಿಂಬೆಹಣ್ಣುಗಳು ಒಡೆದವು, ಯಾರೋ ಜಯಕಾರ ಹಾಕಿದರು, ಅಮರ ಸೀಟಿ ಹೊಡೆದ. ಎರಡು ಮಾರಿಗೆ ಅದು ನಿಲ್ಲಲಿಲ್ಲ. ನಮ್ಮ ಮುಂದೆ ನಿಧಾನವಾಗಿ ಹಾದು ಗೇಟಿನ ಕಡೆ ಹೊರಟಿತು. ಕಾಡಪ್ಪ ಒಮ್ಮೆ ನಮ್ಮ ಕಡೆ ತಿರುಗಿ ನೋಡಿದ, ಮತ್ತೆ ಕಣ್ಣು ರಸ್ತೆಗೆ. ಸಾವಂತ್ರವ್ವ ನೋಡುತ್ತಿದ್ದದ್ದು ಅವನ ಮುಖವನ್ನಲ್ಲ. ಅವನ ಕಾಲುಗಳಿದ್ದ ಜಾಗದಲ್ಲಿ ಹೊರಗೆ ಕಾಣುತ್ತಿದ್ದ ಬಿಳಿ ತಗಡನ್ನು. ಗಾಡಿ ಗೇಟು ದಾಟಿ ಮರೆಯಾಗುವ ತನಕ ಅದನ್ನೇ ನೋಡಿದಳು. ಆಮೇಲೆ ಅಲ್ಲೇ ಗೋಡೆಗೆ ಒರಗಿ, ನಮ್ಮೆಲ್ಲರ ಎದುರಿಗೇ, ಬಾಯಿಬಿಟ್ಟು ಅತ್ತಳು.